ಟಿಕೆಟ್ ಬೇಕಾದ ಒಬ್ಬನೇ ಮನುಷ್ಯ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ಊರಿನ ಯಾವ ಓಣಿ ಹೊಕ್ಕರೂ ಒಬ್ಬ ಪ್ರವಾಸದ ಯಜಮಾನ ಸಿಗುತ್ತಾನೆ. ಮಕ್ಕಳ ಪರೀಕ್ಷೆ ಮುಗಿದು, ಏಪ್ರಿಲ್ ಬಿಸಿಲಿಗೆ ಮಾಳಿಗೆ ಕಾದು, ಮನೆಯವರು ‘ಎಲ್ಲೆರ ಹೋಗಿ ಬರೂಣು’ ಎಂದು ಬಾಯಿಬಿಟ್ಟರೆ ಸಾಕು, ಅವನು ಹಳೇ ಡೈರಿ ತೆಗೆಯುತ್ತಾನೆ. ಎಡಕ್ಕೆ ಊರು, ಬಲಕ್ಕೆ ರೊಕ್ಕ. ಬಸ್ ಚಾರ್ಜು, ವಸ್ತಿ, ಚಹಾ, ನಾಷ್ಟಾ, ಕೊನೆಗೆ ‘ಇತರೆ’. ಈ ‘ಇತರೆ’ ಮಾತ್ರ ಎಂದೂ ಸಣ್ಣ ಮೊತ್ತವಲ್ಲ. ಕೂಡಿಸಿದಾಗ ಎಂಥ ಊರೂ ಕೈಗೆ ಎಟುಕದಷ್ಟು ದೂರ ಹೋಗುವಂತೆ ಅದನ್ನು ಬರೆದಿರುತ್ತಾನೆ. ಇಷ್ಟು ವಿವರ ಹೇಗೆ ಗೊತ್ತೆಂದು ಕೇಳಬೇಡಿ, ಇಂಥವರ ಪಕ್ಕ ಕೂತವರಿಗೆ ಇದೆಲ್ಲ ಬಾಯಿಪಾಠ. ಜನ ಅವನನ್ನು ಜೀನ ಅನ್ನುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಮದುವೆಗೆ, ಮುಯ್ಯಿಗೆ, ಜಾತ್ರೆಯ ಪಟ್ಟಿಗೆ ಅವನ ಕೈ ಸಡಿಲವೇ ಇದೆ. ಪ್ರವಾಸದ ವಿಷಯದಲ್ಲಿ ಮಾತ್ರ ಅವನಿಗೆ ಹಣಕ್ಕಿಂತ ಹೆಚ್ಚಿನದೊಂದು ಬೇಕು: ಹೋಗೋಣ ಅಥವಾ ಬೇಡ ಎಂಬ ಮಾತು ತನ್ನ ಬಾಯಿಂದಲೇ ಬರಬೇಕು. ‘ರೊಕ್ಕ ಇಲ್ಲ’ ಎನ್ನುವುದು ಅದಕ್ಕೆ ಇದ್ದ ಅತ್ಯಂತ ಮರ್ಯಾದಸ್ಥ ದಾರಿ.

ಇದಕ್ಕೆ ಸಾಕ್ಷಿ ಬೇಕಾದರೆ 2023ರ ಜೂನ್ 11ರಿಂದ ಈಚೆಗಿನ ಅವನ ನಡವಳಿಕೆ ನೋಡಿ. ಅಂದು ಶಕ್ತಿ ಯೋಜನೆ ಬಂತು. ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಪ್ರಯಾಣ ಪುಕ್ಕಟೆಯಾಯಿತು. ಅವ್ವನಿಗೆ ಟಿಕೆಟಿಲ್ಲ, ಹೆಂಡತಿಗಿಲ್ಲ, ಮಗಳಿಗಿಲ್ಲ. ಉಳಿದವನು ತಾನೊಬ್ಬ, ಮತ್ತೆ ಅರ್ಧ ಟಿಕೆಟಿನ ಮಗ. ಮಗಳಿಗಿಂತ ಮಗ ತುಟ್ಟಿಯಾದದ್ದು ಬಹುಶಃ ಆ ಮನೆತನದ ಇತಿಹಾಸದಲ್ಲೇ ಮೊದಲು. ಹಾಗಾಗಿ ಹುಡುಗನ ವಯಸ್ಸಿನ ಚೌಕಾಶಿ ಈಗ ಇನ್ನಷ್ಟು ಜೋರಾಗಿದೆ. ‘ಐದು ತುಂಬಿ ಆರರಾಗ ಬಿದ್ದಾನ್ರಿ’ ಎಂದು ಅಪ್ಪ, ‘ಎಷ್ಟನೇತ್ತ ಅದಿಯೋ ತಮ್ಮಾ’ ಎಂದು ಕಂಡಕ್ಟರು, ‘ಮೂರನೇತ್ತ’ ಎಂದು ಶಾಲೆಯಲ್ಲಿ ಸತ್ಯ ಕಲಿತ ಹುಡುಗ. ಅಲ್ಲಿಂದ ಮುಂದೆ ಅಜ್ಜಿ ನಡುವೆ ಬಂದು, ಮೊಮ್ಮಗ ಹುಟ್ಟಿದ ವರ್ಷದ ಮಳೆಬೆಳೆಯ ಕಥೆ ಹೇಳಿ, ಹಿಂದೆ ನಿಂತವರು ‘ಕೊಟ್ಟಬಿಡ್ರೀ ಮಾರಾಯರಽ’ ಎಂದು ರೇಗುವ ತನಕ ಬಸ್ಸಿನ ಅರ್ಧಭಾಗಕ್ಕೆ ಟಿಕೆಟ್ ಸಿಗುವುದಿಲ್ಲ. ಇರಲಿ. ಅಗ್ಗವೇ ಅವನ ಗುರಿಯಾಗಿದ್ದರೆ ಉತ್ತರ ಡೈರಿಯಲ್ಲೇ ಇತ್ತು: ಆ ಮನೆಯ ಅತಿ ಅಗ್ಗದ ಪ್ರವಾಸವೆಂದರೆ ಅವನು ಬಾರದ ಪ್ರವಾಸ. ಇಷ್ಟು ಸರಳ ಲೆಕ್ಕವನ್ನು ಅವನು ಯಾವ ಹಾಳೆಯಲ್ಲೂ ಬರೆದಿಲ್ಲ.

ಅದರ ಬದಲು ಮಾಡಿದ್ದೇನು? ಅವನಿಗೆ ಇದ್ದಕ್ಕಿದ್ದಂತೆ ಮಂತ್ರಾಲಯ, ಶ್ರೀಶೈಲ, ತಿರುಪತಿ, ಪಂಢರಪುರಗಳ ಮೇಲೆ ಭಕ್ತಿ ಉಕ್ಕಿತು. ಭಕ್ತಿಯನ್ನು ಶಂಕಿಸಬಾರದು, ನಿಜ. ಆದರೆ ಇವೆಲ್ಲ ರಾಜ್ಯದ ಗಡಿಯಾಚೆಗಿನ ಊರುಗಳು, ಗಡಿ ದಾಟುವ ಬಸ್ಸಿಗೆ ಶಕ್ತಿ ನಡೆಯುವುದಿಲ್ಲ, ಅಲ್ಲಿ ಎಲ್ಲರ ಟಿಕೆಟನ್ನೂ ಅವನೇ ತೆಗೆಸಬೇಕು ಎಂಬುದನ್ನು ಗಮನಿಸದಿರುವುದು ಹೇಗೆ? ರೈಲಿನ ಮೇಲಿನ ಪ್ರೀತಿಗೂ ಇದೇ ಮೂಲ. ಗಂಗಾವತಿಗೆ 2019ರಲ್ಲಿ ರೈಲು ಬಂತು, ಕುಷ್ಟಗಿಗೆ 2025ರ ಮೇ ತಿಂಗಳಲ್ಲಿ. ರೈಲಿನಲ್ಲಿ ಅವ್ವನಿಗೂ ಟಿಕೆಟ್ ಬೇಕು, ಅದೇ ಅದರ ಸೊಬಗು. ಕೊಪ್ಪಳದಿಂದ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಗೋವಾಕ್ಕೆ ಹೋಗುವ ಯೋಜನೆಯನ್ನು ಅವನು ಪ್ರತಿ ವರ್ಷ ಹೊಸದಾಗಿ ಹಾಕುತ್ತಾನೆ. ಮುಂಗಡ ಬುಕಿಂಗ್ ಅವಧಿಯನ್ನು 2024ರ ನವೆಂಬರಿನಿಂದ 120 ದಿನದಿಂದ 60ಕ್ಕೆ ಇಳಿಸಿದ್ದು ಬೇರೆಯವರಿಗೆ ಅನುಕೂಲವೋ ಅನನುಕೂಲವೋ, ಅವನ ಪಾಲಿಗಂತೂ ಯೋಜನೆಯ ಸುಖ ಅರ್ಧಕ್ಕರ್ಧ ಕಡಿತ.

ಬಸ್ ಚಾರ್ಜೊಂದೇ ಖರ್ಚಲ್ಲ, ವಸ್ತಿ ಊಟಕ್ಕೇ ಹೆಚ್ಚು ಹೋಗುತ್ತದೆ ಎಂದು ಅವನ ಪರವಾಗಿ ವಾದಿಸಬಹುದು. ಒಪ್ಪೋಣ. ಆದರೆ ವಸ್ತಿಯೇ ಬೇಡದ ಊರುಗಳ ನಡುವೆ ಕುಳಿತು ಅವನು ಹೀಗನ್ನುತ್ತಾನೆ. ಮೊದಲು ಯಲಬುರ್ಗಾ ತಾಲೂಕಿಗೇ ಸೇರಿದ್ದ ಇಟಗಿಯಲ್ಲಿ 1112ರ ಮಹಾದೇವ ದೇವಾಲಯವಿದೆ. ಅಲ್ಲಿನ ಶಾಸನ ಅದನ್ನು ದೇವಾಲಯಗಳ ಚಕ್ರವರ್ತಿ ಎಂದು ಹೊಗಳಿದೆ. ಅದೇ ದಿನ ಕುಕನೂರಿನ ನವಲಿಂಗ ಗುಡಿಗಳನ್ನೂ ನೋಡಿ ಸಂಜೆಗೆ ಮನೆ ಸೇರಬಹುದು. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಮೋರ್ಯರ ಗುಡ್ಡದ ಶಿಲಾಗೋರಿಗಳು 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿವೆ. ಕುಷ್ಟಗಿಯವರಿಗೆ ಐಹೊಳೆ, ಪಟ್ಟದಕಲ್ಲು, ಕೂಡಲಸಂಗಮ ದೂರವಲ್ಲ. ಹೆಸರು ಹೇಳಿ ನೋಡಿ, ‘ಅಲ್ಲೇನೈತಿ, ಬರೇ ಕಲ್ಲು’ ಎನ್ನುತ್ತಾನೆ. ಬೆಂಗಳೂರಿನವರು ರಾತ್ರಿಯಿಡೀ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದು, ಸಾಣಾಪುರ ಕೆರೆ ನೋಡಿ, ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಏದುಸಿರು ಬಿಡುವುದು ಅವನಿಗೆ ದೊಡ್ಡ ತಮಾಷೆ. ಇನ್ನು ಊಟದ ಮಾತು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನದ ಬುತ್ತಿ ಮನೆಯಿಂದಲೇ ಹೊರಡುತ್ತದೆ. ಡೈರಿಯಲ್ಲಿ ಅದರ ಮುಂದೆ ಸೊನ್ನೆ ಇರುತ್ತದೆ, ಏಕೆಂದರೆ ನಸುಕಿನ ನಾಲ್ಕಕ್ಕೆ ಎದ್ದು ಅಷ್ಟು ರೊಟ್ಟಿ ಬಡಿದವಳ ಕೂಲಿಗೆ ಅಲ್ಲಿ ಸಾಲೇ ಇಲ್ಲ. ಬಸ್ಸು ತುಂಬಿ ತುಳುಕುತ್ತದೆ, ಮುದುಕಿಯರು ನಿಂತು ಬರಬೇಕಾಗುತ್ತದೆ ಎಂಬ ಅವನ ಇನ್ನೊಂದು ಆಕ್ಷೇಪಕ್ಕೆ ನನ್ನಲ್ಲಿ ಉತ್ತರವಿಲ್ಲ. ಅದು ನಿಜ.

ಆದರೂ ಅವನ ಡೈರಿಯನ್ನು ಪೂರಾ ನಗೆಗೆ ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ. ಕುಷ್ಟಗಿ, ಯಲಬುರ್ಗಾದ ಮಳೆ ನಂಬಿದ ಹೊಲಗಳಲ್ಲಿ ಮುಂಗಾರು ಕೈಕೊಟ್ಟಾಗ ಜನ ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ಹೋಗಿದ್ದಾರೆ, ಗಂಟುಮೂಟೆ ಕಟ್ಟಿಕೊಂಡು, ದುಡಿಯಲು. ಅವನ ಹಿಂದಿನ ತಲೆಮಾರಿಗೆ ದೂರದ ಊರೆಂದರೆ ಗುಳೆ, ಹತ್ತಿರದ ಊರೆಂದರೆ ಜಾತ್ರೆ. ಸಮುದ್ರ ನೋಡಲೆಂದೇ ರೊಕ್ಕ ಕೊಟ್ಟು ಗೋವಾಕ್ಕೆ ಹೋಗುವುದು ಆ ಮನೆಗಳಲ್ಲಿ ತೀರ ಹೊಸ ವಿಚಾರ. ಹತ್ತು ಸಲ ಕೂಡಿ ಕಳೆದು ನೋಡುವ ಕೈಯಲ್ಲಿ ಆ ಹಳೆಯ ಅಂಜಿಕೆ ಇನ್ನೂ ಇದ್ದರೆ ಆಶ್ಚರ್ಯವಿಲ್ಲ.

ಅವನು ಲೆಕ್ಕ ಮುಗಿಸುವ ತನಕ ಹೆಂಗಸರೇನೂ ಕಾಯುತ್ತಿಲ್ಲ. ಹುಣ್ಣಿಮೆಗೆ ಹುಲಿಗಿಗೆ, ರಜೆಯಲ್ಲಿ ಧರ್ಮಸ್ಥಳಕ್ಕೆ ಆಧಾರ್ ಕಾರ್ಡ್ ಹಿಡಿದು ಓಣಿಗೆ ಓಣಿಯೇ ಹೊರಡುತ್ತದೆ. ‘ಬರೂದಿದ್ರ ಬರ್ರಿ, ನಿಮ್ಮ ಟಿಕೆಟ್ ನಾ ತಗಸ್ತೀನಿ’ ಎನ್ನುವ ಧೈರ್ಯವೂ ಹೆಂಡತಿಗೆ ಬಂದಿದೆ. ಗೃಹಲಕ್ಷ್ಮಿಯ 2000 ರೂಪಾಯಿ ಅವಳ ಖಾತೆಗೇ ಬೀಳುತ್ತದೆ. ಅವನು ಹೋಗಬೇಕೆಂದೇ ನನ್ನ ಮತ. ಬಸ್ಸು ನಿಲ್ಲುವ ಮೊದಲೇ ಓಡಿಹೋಗಿ, ಕಿಟಕಿಯೊಳಗೆ ಟವೆಲ್ ಎಸೆದು, ಐದು ಮಂದಿಗೆ ಸೀಟು ಹಿಡಿಯುವ ವಿದ್ಯೆಯಲ್ಲಿ ಅವನಿಗೆ ಸಾಟಿಯಿಲ್ಲ, ಮತ್ತು ಆ ಕೆಲಸಕ್ಕೆ ಸರ್ಕಾರ ಇನ್ನೂ ಯಾವ ಯೋಜನೆಯನ್ನೂ ತಂದಿಲ್ಲ.