ನಾಲ್ಕೂವರೆ ಕೋಟಿ ಚುಕ್ಕಿಗಳ ಸಾಕ್ಷಿ

ನಾನು ಹುಡುಗನಾಗಿದ್ದಾಗ ನಮ್ಮೂರಿನ ಸ್ಟುಡಿಯೋದಲ್ಲಿ ಉಸಿರು ಹಿಡಿಯುವುದು ಫೋಟೋ ತೆಗೆಸಿಕೊಳ್ಳುವವರ ಕೆಲಸವಾಗಿತ್ತು. ಫೋಟೋಗ್ರಾಫರ್ ಎರಡು ಬೆರಳಲ್ಲಿ ನಮ್ಮ ಗದ್ದ ತಿರುಗಿಸಿ, ‘ಅಲ್ಲಾಡಬಾರದು, ನೋಡು’ ಎಂದು ಗದರಿಸಿ ಬಟನ್ ಒತ್ತುತ್ತಿದ್ದರು. ಚಿತ್ರ ಕಲಸಿಹೋದರೆ ತಪ್ಪು ನಮ್ಮದೇ. ಈಗ ಕ್ಯಾಮೆರಾ ನನ್ನ ಕೈಗೆ ಬಂದಿದೆ. ಉಸಿರು ಹಿಡಿಯುವ ಕೆಲಸವೂ ತಪ್ಪೂ ಅದರ ಹಿಂದೆಯೇ ಬಂದಿವೆ.

ನಿವೃತ್ತಿಯ ದುಡ್ಡು ಕೈಸೇರಿದ ವಾರದಲ್ಲೇ ಕೊಂಡ ಕ್ಯಾಮೆರಾ. 45 ಮೆಗಾಪಿಕ್ಸೆಲ್. ಅಂದರೆ ಒಂದೊಂದು ಚಿತ್ರಕ್ಕೂ ನಾಲ್ಕೂವರೆ ಕೋಟಿ ಚುಕ್ಕಿ. 2011ರ ಜನಗಣತಿ ಹಿಡಿದು ತಲೆಗೊಂದರಂತೆ ಹಂಚಿದರೆ ಕರ್ನಾಟಕದ ನಾಲ್ವರಲ್ಲಿ ಸುಮಾರು ಮೂವರಿಗೆ ಸಿಕ್ಕೀತು. ಇಷ್ಟಿದ್ದ ಮೇಲೆ ಚಿತ್ರ ತಾನಾಗಿಯೇ ಚೂಪಾಗಿ ಬರುತ್ತದೆಂದು ನಂಬಿ ಸೀದಾ ರಂಗನತಿಟ್ಟಿಗೆ ಹೋದೆ.

ಕೊಕ್ಕರೆಗಳು ರೆಕ್ಕೆ ಬಡಿಯುತ್ತವೆ, ಅವುಗಳ ಮಾತು ಬಿಡಿ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆಯನ್ನು ದೋಣಿಯಿಂದಲೇ ಹತ್ತು ಸಲ ಕ್ಲಿಕ್ಕಿಸಿದೆ. ಪರದೆಯಲ್ಲಿ ಹಿಗ್ಗಿಸಿ ನೋಡಿದರೆ ಒಂದೊಂದು ಹಲ್ಲಿಗೂ ಒಂದೊಂದು ನೆರಳು. ‘ಛೆ, ಅಲ್ಲಾಡಿಬಿಡ್ತು’ ಎಂದೆ. ಹುಟ್ಟು ಹಾಕುತ್ತಿದ್ದವನು ತಿರುಗಿಯೂ ನೋಡದೆ, ‘ಅದು ಬೆಳಿಗ್ಗೆಯಿಂದ ಅಲ್ಲಾಡಿಲ್ಲ ಸಾರ್’ ಎಂದ.

ಅಲ್ಲಾಡಿದವನು ನಾನು. ಹಳೆಯ 12 ಮೆಗಾಪಿಕ್ಸೆಲ್ ಕ್ಯಾಮೆರಾದ ಚುಕ್ಕಿಗಳು ದಪ್ಪ. ಕೈಯ ಸಣ್ಣ ನಡುಕ ಒಂದೇ ಚುಕ್ಕಿಯೊಳಗೆ ಮಾನ ಮುಚ್ಚಿಕೊಂಡು ಕೂರುತ್ತಿತ್ತು. ಚುಕ್ಕಿ ಸಣ್ಣದಾದಾಗ ಅದೇ ನಡುಕ ಪಕ್ಕದ ಮನೆಗೂ ಕಾಲಿಡುತ್ತದೆ. 500 ಮಿಲಿಮೀಟರ್ ಲೆನ್ಸಿಗೆ ಸೆಕೆಂಡಿನ 1/500 ಭಾಗದ ಶಟರ್ ಸಾಕೆಂಬ ಹಳೇ ಲೆಕ್ಕ ಇದಕ್ಕೆ ಸಾಲದು, 1/1000 ಇಟ್ಟರೂ ಭರವಸೆಯಿಲ್ಲ. ಚಿತ್ರವನ್ನು ಅಂಗೈಯಗಲ ಕುಗ್ಗಿಸಿದರೆ ದೋಷವೆಲ್ಲ ಮಾಯ, ನಿಜ. ಆದರೆ ಇಷ್ಟು ದುಡ್ಡು ಸುರಿದವನು ಹಿಗ್ಗಿಸಿ ನೋಡದೆ ಬಿಟ್ಟಾನೆಯೇ? ರೋಲಿಗೆ 36 ಚಿತ್ರ ಸಿಗುತ್ತಿದ್ದ ಫಿಲ್ಮಿನ ಕಾಲದಲ್ಲೇ ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳಿಗಾಗಿ ಕಾದು ಕೂತ ತೇಜಸ್ವಿಯವರ ಮೇಲೆ ಅವತ್ತು ರಾತ್ರಿ ನನಗೆ ಶುದ್ಧ ಹೊಟ್ಟೆಕಿಚ್ಚು.

ಮುಂದಿನ ತಿಂಗಳು ಪ್ರಯೋಗಗಳಲ್ಲಿ ಕಳೆಯಿತು. ಎಲ್ಲವೂ ಸ್ಪಷ್ಟವಾಗಲೆಂದು ಲೆನ್ಸಿನ ಕಿಂಡಿಯನ್ನು ಎಫ್ 22ಕ್ಕೆ ಕಿರಿದುಗೊಳಿಸಿದೆ. ಸಣ್ಣ ಕಿಂಡಿಯಲ್ಲಿ ನುಸುಳುವ ಬೆಳಕು ತಾನೇ ಹರಡಿಕೊಂಡು ಎಲ್ಲವನ್ನೂ ಸಮನಾಗಿ ಮಸುಕು ಮಾಡಿತು. ಟ್ರೈಪಾಡ್ ಬಂತು. ಬಟನ್ ಒತ್ತಿದ ಅದುರು ತಾಗಬಾರದೆಂದು ಎರಡು ಸೆಕೆಂಡಿನ ಟೈಮರೂ ಬಂತು. ‘ಫೋಟೋ ಮುಗಿಯೋವರೆಗೆ ಮಿಕ್ಸಿ ಹಾಕಬೇಡ, ನೆಲ ಅದುರುತ್ತೆ’ ಎಂದಾಗ ಹೆಂಡತಿ, ‘ಹಾಗಾದ್ರೆ ದೋಸೆಗೆ ನಿಮ್ಮ ಫೋಟೋನೇ ನೆಂಚ್ಕೊಳ್ಳಿ’ ಎಂದಳು.

ಕೊನೆಗೆ ಅಮ್ಮನನ್ನು ಕಿಟಕಿಯ ಬೆಳಕಿಗೆ ಕೂರಿಸಿದೆ. ಎಂಬತ್ತನಾಲ್ಕರ ಅಮ್ಮ ಹಳೇ ಸ್ಟುಡಿಯೋದ ಶಿಸ್ತಿನವಳು, ಕಲ್ಲಿನಂತೆ ಕೂತಳು. ಟ್ರೈಪಾಡ್, ಟೈಮರ್, ಎಫ್ 5.6, ಮಿಕ್ಸಿ ಬಂದ್. ಕ್ಲಿಕ್.

ಲ್ಯಾಪ್‌ಟಾಪಿನಲ್ಲಿ ತೆರೆದರೆ ಅಮ್ಮನ ಮುಖ ಹಬೆ ಹಿಡಿದ ಕನ್ನಡಿಯಲ್ಲಿ ಕಂಡಂತಿದೆ. ಕಣ್ಣಿನ ಮೇಲಿಟ್ಟಿದ್ದ ಫೋಕಸ್ ಚೌಕ ನನ್ನ ಹೆಬ್ಬೆರಳು ತಾಗಿ, ಅವಳ ಕಿವಿ ದಾಟಿ, ಹಿಂದಿನ ಗೋಡೆಗೆ ಜಾರಿತ್ತು. ಅಮ್ಮನಿಗೆ ಮಾತ್ರ ಪರಮಾನಂದ. ‘ಈ ಸಲ ಲಕ್ಷಣವಾಗಿ ಬಂದಿದೆ ಕಣೋ, ಒಂದು ಸುಕ್ಕೂ ಇಲ್ಲ.’

ಹೆಂಡತಿ ಬಗ್ಗಿ ನೋಡಿದಳು. ಗೋಡೆಯ ಮೂಲೆಯಲ್ಲಿ ಜೇಡರ ಬಲೆ. ಎಳೆ ಎಳೆಯೂ ಎಣಿಸುವಷ್ಟು ಚೂಪು. ನಡುವೆ ಒಣಗಿದ ಸೊಳ್ಳೆ, ಅದರ ಆರು ಕಾಲು. ನಾನು ತಿಂಗಳಿಡೀ ಹಂಬಲಿಸಿದ ಚಿತ್ರ! ಅವಳು ಮಾತಾಡದೆ ಒಳಗೆ ಹೋಗಿ, ಸ್ಟೂಲನ್ನೂ ಉದ್ದ ಕೋಲಿನ ಪೊರಕೆಯನ್ನೂ ತಂದು ನನ್ನ ಮುಂದಿಟ್ಟಳು.

‘ಹತ್ತಿ’ ಎಂದಳು. ‘ಧೂಳು ಬೀಳುತ್ತೆ, ಉಸಿರು ಹಿಡ್ಕೊಳ್ಳಿ.’