ಬಚ್ಚಲ ಗೋಡೆಗೊಂದು ತೂತು

ಮನೆ ಬೆಚ್ಚಗಿಡುವ ಗ್ಯಾಸ್ ಕುಲುಮೆ ಬನಹಟ್ಟಿಗೆ ಬೇಡ. ಏಪ್ರಿಲ್ ಬಂದರೆ ಸೂರ್ಯನೇ ಆ ಕೆಲಸ ಬಿಟ್ಟಿಯಾಗಿ ಮಾಡಿಕೊಡುತ್ತಾನೆ. ಆದರೆ ಆ ಕುಲುಮೆಯ ತಮ್ಮ, ಗ್ಯಾಸ್ ಗೀಜರ್, ಬಚ್ಚಲಿಗೆ ಬಂದು ತಳವೂರಿದ್ದಾನೆ. ಹಿಂದೆ ಹಂಡೆ ಒಲೆಯ ಹೊಗೆ ಕಣ್ಣೀರು ತರಿಸಿ, ಕೆಮ್ಮಿಸಿ, ತಾನೇ ಬಾಗಿಲು ತೆರೆಸುತ್ತಿತ್ತು. ಒರಟು, ಆದರೆ ಪ್ರಾಮಾಣಿಕ. ಗೀಜರ್ ಹಾಗಲ್ಲ. ಗಾಳಿ ಸಾಲದಾದಾಗ ಅದು ಬಿಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಟ್ಟು 200 ಪಟ್ಟಿಗೂ ಹೆಚ್ಚು ಒಲವಿನಿಂದ ಅದನ್ನೇ ಅಪ್ಪಿಕೊಳ್ಳುತ್ತದೆ. “ಗ್ಯಾಸ್ ಸೋರಿದ್ರ ನಾತ ಬರ್ತದಲ್ರೀ” ಎನ್ನುವವರುಂಟು. ಆ ನಾತ ಉರಿಯದ ಗ್ಯಾಸಿಗೆ ಬೆರೆಸಿದ ಮರ್ಕ್ಯಾಪ್ಟನ್ನಿನದು. ಉರಿದ ಮೇಲೆ ಅದೂ ಸುಟ್ಟುಹೋಗಿರುತ್ತದೆ. “ಕಿಟಕಿ ತೆಗದ್ರ ಥಂಡಿ” ಎಂಬುದು ಇನ್ನೊಂದು ತಕರಾರು. ಬನಹಟ್ಟಿಯಲ್ಲಿ ಥಂಡಿ!

ಗೀಜರಿನ ಹೊಗೆಯನ್ನು ಹೊರಗೆ ಕಳಿಸುವ ಕೊಳವೆಗೆಂದು ಗೋಡೆಗೆ ತೂತು ಕೊರೆದರೆ ಟೈಲ್ಸಿನ ಅಂದ ಕೆಡುತ್ತದಂತೆ. ಮಾಳಿಗೆಗೆ ಬೆಳಕಿಂಡಿ ಬಿಟ್ಟ ಹಿರಿಯರಿಗೆ ಅಂದದ ಅರಿವಿರಲಿಲ್ಲವೇ? ಹೊಗೆಕೊಳವೆ ಲೋಹದ್ದಾಗಿರಬೇಕು, ಹೆಚ್ಚು ತಿರುವುಗಳಿಲ್ಲದೆ ಮೇಲ್ಮುಖವಾಗಿ ಬಯಲಿಗೆ ತೆರೆಯಬೇಕು. ಪಕ್ಕದ ಮನೆಯವರು ಎಷ್ಟೇ ಜಗಳಗಂಟರಿರಲಿ, ಅವರ ಕಿಟಕಿಗಲ್ಲ. ಕೆಳಗೆ ತಾಜಾ ಗಾಳಿಗೂ ಒಂದು ಕಿಂಡಿ ಬೇಕು. ಸಣ್ಣ ಗೀಜರುಗಳಲ್ಲಿ ಎಷ್ಟೋ ಸಲ ಕೊಳವೆಯೇ ಇರುವುದಿಲ್ಲ. ಅಂಥದ್ದನ್ನು ಹೊರಗೋಡೆಗೆ ತೂಗುಹಾಕಿ, ಬಿಸಿನೀರನ್ನಷ್ಟೇ ಒಳಗೆ ಕರೆಯಿರಿ.