ರಿಫಂಡು ರಾಯರು

ನ್ಯೂಜೆರ್ಸಿಯ ಯಾವ ಕನ್ನಡ ಕೂಟಕ್ಕೆ ಹೋದರೂ ಒಬ್ಬ ರಿಫಂಡು ರಾಯರು ಇದ್ದೇ ಇರುತ್ತಾರೆ. ಓದಿದ್ದು ಮೆಕ್ಯಾನಿಕಲ್, ಹೊಟ್ಟೆಪಾಡು ಡೇಟಾಬೇಸು, ಬಾಯಲ್ಲಿ ಮಾತ್ರ ಸದಾ ಟ್ಯಾಕ್ಸು. ಜನವರಿಯಿಂದ ಏಪ್ರಿಲ್ 15ರವರೆಗೆ ಅವರ ಕಣ್ಣಿಗೆ ಬೀಳದೆ ಓಡಾಡುವುದೇ ಒಂದು ವಿದ್ಯೆ. ಯುಗಾದಿ ಸರಿಯಾಗಿ ಅದೇ ಹೊತ್ತಿಗೆ ಬರುವುದರಿಂದ ಊಟದ ಸಾಲಿನಲ್ಲಿ ಸಿಕ್ಕಿಬಿದ್ದರೆ ಕಥೆ ಮುಗಿಯಿತು. "ಮಕ್ಕಳೆಷ್ಟು ನಿಮಗೆ?" ಎಂದು ಅವರು ಕೇಳಿದರೆ ಅದು ಕುಶಲ ವಿಚಾರಣೆಯಲ್ಲ, ಲೆಕ್ಕ.

ನಮ್ಮ ರಾಯರು ಹಾಸನದವರು. ಜೇಬಿನಲ್ಲಿ ಎರಡು ಪೆನ್ನು, ಕಾರಿನ ಡಿಕ್ಕಿಯಲ್ಲಿ ಬೂಟಿನ ಡಬ್ಬದ ತುಂಬ ರಸೀದಿ. ಹೇಳುವುದು ಯಾವಾಗಲೂ ಮುಕ್ಕಾಲು ಸರಿ. "ಊರಲ್ಲಿ ಅಣ್ಣನ ಮಗನ ಫೀಸು ನಾನೇ ಕಟ್ತೀನಿ ಸಾರ್, ಅವನನ್ನ ತೋರಿಸಬಹುದಾ?" ಎಂದು ಹೊಸದಾಗಿ ಬಂದ ಹುಡುಗನೊಬ್ಬ ಕೇಳಿದಾಗ ಅವರು ಕೊಟ್ಟ ಉತ್ತರ ಕೂಟದಲ್ಲಿ ಗಾದೆಯಾಗಿಬಿಟ್ಟಿದೆ: "ಮೆಕ್ಸಿಕೋದ ಮಗು ನಡೆಯುತ್ತಪ್ಪಾ, ಮಂಡ್ಯದ್ದು ನಡೆಯಲ್ಲ." ಕಾನೂನು ಇರುವುದೂ ಹಾಗೇ. ಅವಲಂಬಿತರು ಅಮೆರಿಕದ ಪ್ರಜೆಯೋ ನಿವಾಸಿಯೋ ಆಗಿರಬೇಕು, ಇಲ್ಲವೇ ಕೆನಡಾ, ಮೆಕ್ಸಿಕೋದಲ್ಲಿ ವಾಸವಿರಬೇಕು.

ಒಬ್ಬಟ್ಟು ತಣ್ಣಗಾಗುವವರೆಗೆ ಅವರು ಹೇಳುವ ಇನ್ನೊಂದು ಕಥೆ 1987ರದು. ಐದು ವರ್ಷ ತುಂಬಿದ ಮಕ್ಕಳ ಸೋಷಿಯಲ್ ಸೆಕ್ಯೂರಿಟಿ ನಂಬರನ್ನೂ ಬರೆಯಬೇಕು ಎಂದು ಹಿಂದಿನ ವರ್ಷ ಕಾನೂನು ಬಂತು. ಅಷ್ಟೇ, 1987ರ ರಿಟರ್ನುಗಳಿಂದ ಸುಮಾರು 70 ಲಕ್ಷ ಮಕ್ಕಳು ಮಾಯ! "ಹುಟ್ಟೇ ಇರಲಿಲ್ಲ ಕಣ್ರೀ ಎಷ್ಟೋ ಮಕ್ಕಳು! ನಾಯಿ ಬೆಕ್ಕಿನ ಹೆಸರೆಲ್ಲ ಬರೆದಿದ್ರಂತೆ," ಎಂದು ತೊಡೆ ತಟ್ಟಿಕೊಂಡು ನಗುತ್ತಾರೆ. ಎಷ್ಟು ಸಲ ಕೇಳಿದ್ದರೂ ನಾನೂ ನಗುತ್ತೇನೆ, ಅವರ ಮನೆಯ ಬಿಸಿಬೇಳೆ ಭಾತ್ ಅಂಥದ್ದು.

ಇಂಥ ರಾಯರ ಮಗಳು ಓದು ಮುಗಿಸಿ ಸಿಯಾಟಲ್‌ನಲ್ಲಿ ಕೆಲಸ ಹಿಡಿದಳು. ವರ್ಷವಿಡೀ ಸಂಬಳ, ತನ್ನದೇ ಮನೆ, ತನ್ನದೇ ಬಾಡಿಗೆ. ರಾಯರು ಮಾತ್ರ "24 ತುಂಬೋವರೆಗೂ ನಮ್ಮ ರಿಟರ್ನಲ್ಲಿ ಹಾಕಬಹುದು" ಎಂದು ಅವಳ ಹೆಸರು ಸೇರಿಸಿ, ಜನವರಿ ಕೊನೆಯಲ್ಲಿ ಬಾಗಿಲು ತೆರೆದ ಕೂಡಲೇ ಕಳಿಸಿಬಿಟ್ಟರು. 24 ಎನ್ನುವುದು ಕಾಲೇಜಿನಲ್ಲಿ ಪೂರ್ಣಾವಧಿ ಓದುತ್ತಿರುವವರಿಗೆ, ಉಳಿದವರಿಗೆ 19ಕ್ಕೇ ಗಡಿ ಎಂಬ ಕಾಲುಭಾಗ ಅವರ ಮುಕ್ಕಾಲಿನಲ್ಲಿ ಸೇರಿರಲಿಲ್ಲ. ತೆರಿಗೆ ಕ್ರೆಡಿಟ್ಟಿನ 500 ಡಾಲರು ರಿಫಂಡಿಗೆ ಸೇರಿತು.

ಫೆಬ್ರವರಿಯಲ್ಲಿ ಮಗಳು ತನ್ನ ರಿಟರ್ನ್ ಕಳಿಸಿದಳು. ವಾಪಸ್ ಬಂತು. ನಿನ್ನ ನಂಬರನ್ನು ಈಗಾಗಲೇ ಬೇರೆ ಯಾರೋ ತಮ್ಮ ಅವಲಂಬಿತರ ಪಟ್ಟಿಯಲ್ಲಿ ತೋರಿಸಿದ್ದಾರೆ ಎಂಬ ಸಂದೇಶ. ಯಾರು ಎಂದು ತೆರಿಗೆ ಇಲಾಖೆ ಐ.ಆರ್.ಎಸ್. ಹೇಳುವುದಿಲ್ಲ. ಹುಡುಗಿ ಗಾಬರಿಯಾಗಿ ಅಪ್ಪನಿಗೇ ಫೋನ್ ಮಾಡಿದಳು. ರಾಯರು ಕೆಂಡಾಮಂಡಲ! "ಯಾವನೋ ನಿನ್ನ ನಂಬರ್ ಕದ್ದಿದ್ದಾನೆ ಪುಟ್ಟೀ, ಮೊದಲು ಕ್ರೆಡಿಟ್ ಫ್ರೀಜ್ ಮಾಡಿಸು." ಅರ್ಧ ಗಂಟೆಯಲ್ಲಿ ಕೂಟದ ವಾಟ್ಸಾಪ್ ಗುಂಪಿಗೆ ದಪ್ಪಕ್ಷರದ ಎಚ್ಚರಿಕೆ. ನಾವೆಲ್ಲ ಹೆದರಿ ಮೂರೂ ಬ್ಯೂರೋಗಳಲ್ಲಿ ಫ್ರೀಜ್ ಮಾಡಿಸಿಕೊಂಡು ಕೂತೆವು. ಆ ಹುಡುಗಿ ಕಾಗದದ ರಿಟರ್ನ್ ಅಂಚೆಗೆ ಹಾಕಿ, ತನ್ನ ರಿಫಂಡಿಗಾಗಿ ತಿಂಗಳುಗಟ್ಟಲೆ ಕಾದಳು.

ಕಡೆಗೊಂದು ದಿನ ಐ.ಆರ್.ಎಸ್. ಪತ್ರ ರಾಯರ ಮನೆಗೇ ಬಂತು. ನೀವು ತೋರಿಸಿದ ಅವಲಂಬಿತರ ನಂಬರು ಇನ್ನೊಂದು ರಿಟರ್ನಿನಲ್ಲೂ ಇದೆ, ತಪ್ಪಿದ್ದರೆ ತಿದ್ದಿ ಕಳಿಸಿ ಎಂದು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತಿತ್ತು. ರಾಯರ ಹೆಂಡತಿ ಸೊಪ್ಪು ಬಿಡಿಸುತ್ತಾ ಕನ್ನಡಕ ಏರಿಸಿ ಓದಿ, ತಣ್ಣಗೆ ಕೇಳಿದರಂತೆ: "ರೀ, ಆ ಕಳ್ಳ ನೀವೇ ಅಲ್ವಾ?"

ಆಮೇಲೆ 1040-ಎಕ್ಸ್ ತುಂಬಿ, 500 ಡಾಲರನ್ನು ಬಡ್ಡಿ ಸಮೇತ ಕಟ್ಟಿದರು. ತಾವಾಗಿ ತಿದ್ದಿದ್ದಕ್ಕೋ ಏನೋ ದಂಡ ಬೀಳಲಿಲ್ಲ. ಈಗ ಆ ದಂಡಗಳೇ ಅವರ ಹೊಸ ಪ್ರವಚನ: ನಿರ್ಲಕ್ಷ್ಯಕ್ಕೆ ಬಾಕಿಯ ಮೇಲೆ ಶೇ. 20, ವಂಚನೆಗೆ ಶೇ. 75, ನಿಯಮವನ್ನೇ ಲೆಕ್ಕಿಸದವನಿಗೆ ಎರಡು ವರ್ಷ, ವಂಚಕನಿಗೆ ಹತ್ತು ವರ್ಷ ಆ ಕ್ರೆಡಿಟ್ ಬಂದ್, ಬೇಕೆಂದೇ ಸುಳ್ಳು ಬರೆದರೆ ಮೂರು ವರ್ಷದವರೆಗೆ ಜೈಲು. ಮೊದಲಿಗಿಂತ ಉದ್ದವಾಗಿದೆ.

"ಅಲ್ಲ ರಾಯರೇ, ಅವಳು ದುಡೀತಾಳೆ ಅಂತ ನಿಮಗೇ ಗೊತ್ತಿತ್ತಲ್ಲ?" ಎಂದೆ ಒಮ್ಮೆ, ಸ್ವಲ್ಪ ಖಾರವಾಗಿಯೇ.

ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ಸಾಫ್ಟ್‌ವೇರು ಹೋದ ವರ್ಷದ್ದನ್ನ ತಾನೇ ತುಂಬಿಕೊಟ್ಟಿತ್ತು ಕಣ್ರೀ. ಅವಳು ಹುಟ್ಟಿದ ವರ್ಷದಿಂದ ಆ ಜಾಗದಲ್ಲಿ ಅವಳ ಹೆಸರೇ. ತೆಗೆಯೋಣ ಅಂತ ಒತ್ತಿದೆ. 'ಈ ಮಗುವನ್ನು ಅಳಿಸುವುದು ಖಚಿತವೇ?' ಅಂತ ಕೇಳ್ತು. ಯಾವ ಅಪ್ಪ ಹೌದು ಅಂತಾನೆ ಹೇಳಿ?"

ನನ್ನ ಮಗ ಹೈಸ್ಕೂಲಿನ ಕೊನೇ ವರ್ಷದಲ್ಲಿದ್ದಾನೆ. ನಾನು ಮಾತು ಬದಲಿಸಿದೆ.

ಬದಲಿಸಬಾರದಿತ್ತು. "ಅಮ್ಮ ಹೇಗಿದ್ದಾರೆ?" ಎಂದು ಕೇಳಿದ್ದೇ ತಡ, ರಾಯರ ಮುಖ ಅರಳಿತು. ಮೇ ತಿಂಗಳಲ್ಲಿ ವಿಸಿಟರ್ ವೀಸಾದಲ್ಲಿ ಬಂದವರು ಈ ವರ್ಷದಲ್ಲೇ 183 ದಿನ ಇದ್ದುಬಿಟ್ಟರೆ ತೆರಿಗೆಯ ಮಟ್ಟಿಗೆ ನಿವಾಸಿ. ಬಂದಿಳಿದ ದಿನವೂ ಲೆಕ್ಕ, ಹೊರಟ ದಿನವೂ ಲೆಕ್ಕ. ಆಗ 500 ಡಾಲರಿಗೆ ದಾರಿಯಿದೆ. ಅಮ್ಮನಿಗೋ ಹಾಸನಾಂಬೆಯ ಬಾಗಿಲು ತೆಗೆಯುವ ಹೊತ್ತಿಗೆ ಊರಲ್ಲಿರಬೇಕು, ಅದು ವರ್ಷಕ್ಕೊಂದೇ ಸಲ. "ಐನೂರು ಡಾಲರಿಗೆ ದೇವಿ ದರ್ಶನ ತಪ್ಪಿಸ್ತೀಯೇನೋ?" ಎಂದು ಸೂಟ್‌ಕೇಸಿಗೆ ಉಪ್ಪಿನಕಾಯಿಯ ಖಾಲಿ ಭರಣಿ ತುಂಬುತ್ತಿದ್ದಾರಂತೆ.

"ಅದು ಹೋಗ್ಲಿ, ಅವರಿಗೆ ಪಿಂಚಣಿ ಬರತ್ತಲ್ಲ ರಾಯರೇ? ವರ್ಷದ ವರಮಾನಕ್ಕೆ ಐದು ಸಾವಿರ ಡಾಲರ್ ಚಿಲ್ಲರೆಯ ಮಿತಿ ಇದೆ ಅಂತ ನೀವೇ ಹೇಳಿದ್ರಿ."

ರಾಯರು ಫೋನ್ ತೆಗೆದು ಇವತ್ತಿನ ದರ ನೋಡಿದರು. ತುಟಿಯಲ್ಲೇ ಗುಣಿಸಿ ಭಾಗಿಸಿದರು. "ಸ್ವಲ್ಪದರಲ್ಲಿ ಮೀರತ್ತೆ ಕಣ್ರೀ," ಎಂದು ನಿಟ್ಟುಸಿರಿಟ್ಟರು. "ರೂಪಾಯಿ ಇನ್ನೊಂಚೂರು ಬೀಳಬೇಕು."